ಓಟದಲ್ಲಿ ಕಂಡ ಸುಸ್ತು, ಈಜಿನಲ್ಲಿ ಹುಟ್ಟಿದ ತಪ್ಪು: ಒಬ್ಬ ಪ್ರೊ ಟ್ರೈಯಥ್ಲೀಟ್‌ನ 70.3 ರೇಸ್, ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುತ್ತೇನೆ, ಈ ಆಟಗಾರನ ನಿಜವಾದ ಹೆಸರು ಕಿಟ್ಟಿ ಅಲ್ಲ. ರೇಸ್ ನಡೆದ ಊರು, ವರ್ಷ ಎರಡನ್ನೂ ಬಿಟ್ಟಿದ್ದೇನೆ. ಇಂಥ ರೇಸುಗಳಲ್ಲಿ ಪ್ರೊ ಪಟ್ಟಿ ತೀರಾ ಚಿಕ್ಕದು, ಊರು ಗೊತ್ತಾದರೆ ಆಳು ಯಾರು ಅಂತ ಹತ್ತು ನಿಮಿಷದಲ್ಲಿ ಹುಡುಕಿಬಿಡಬಹುದು. ಅಂಕಿಗಳನ್ನೂ ಅಲ್ಲಲ್ಲಿ ಸ್ವಲ್ಪ ಸರಿಸಿದ್ದೇನೆ, ಒಟ್ಟು ಲೆಕ್ಕ ಕೆಡದ ಹಾಗೆ. ಬರೆಯೋಕೆ ಅವನೇ ಒಪ್ಪಿಗೆ ಕೊಟ್ಟಿದ್ದಾನೆ. "ಬೇರೆಯವರಿಗಾದರೂ ಉಪಯೋಗ ಆಗಲಿ ಸರ್, ನಾನಂತೂ ದುಡ್ಡು ಕೊಟ್ಟು ಕಲಿತಿದ್ದೇನೆ" ಅಂದ. ಅವನ ಬಿಸಿಲಿನ ತಯಾರಿ ಮತ್ತು ರೇಸ್ ದಿನದ ಊಟ-ನೀರು ನನ್ನ ಕೆಲಸ. ಈಜು, ಓಟದ ಕೋಚ್‌ಗಳು ಬೇರೆ ಇದ್ದಾರೆ.

70.3 ಅಂದರೇನು ಅಂತ ಗೊತ್ತಿಲ್ಲದವರಿಗೆ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ, ಒಂದರ ಹಿಂದೆ ಒಂದು. ಒಟ್ಟು 70.3 ಮೈಲಿ, ಅದಕ್ಕೇ ಆ ಹೆಸರು. ನಮ್ಮ ಪಕ್ಕದ ಗೋವಾದಲ್ಲಿ ಮೀರಾಮಾರ್ ಕಡಲ ಹತ್ತಿರ 2019ರಲ್ಲಿ ಮೊದಲ ಸಲ ನಡೆಯಿತಲ್ಲ, ಅದೇ ದೂರ. ಹವ್ಯಾಸಕ್ಕೆ ಓಡುವವರಿಗೆ ಎಂಟೂವರೆ ಗಂಟೆಯ ಸುಮಾರು ಸಮಯ ಸಿಗುತ್ತದೆ. ಮುಂಚೂಣಿಯ ಪ್ರೊ ಗಂಡಸರು ನಾಲ್ಕು ಗಂಟೆ ಒಳಗೆ ಮುಗಿಸುತ್ತಾರೆ.

ಕಿಟ್ಟಿ ಪ್ರೊ. ಅಂದರೆ ರೇಸ್ ಗೆದ್ದರೆ ಬಾಡಿಗೆ, ಸೋತರೆ ಸಾಲ. ಸಣ್ಣಪುಟ್ಟ ಪ್ರಾಯೋಜಕರು ಇದ್ದಾರೆ, ಶೂ ಕೊಡುತ್ತಾರೆ, ಚಕ್ರ ಕೊಡುತ್ತಾರೆ, ನಗದು ಕೊಡುವವರು ಕಮ್ಮಿ. ವಿಮಾನದ ಟಿಕೆಟ್, ಸೈಕಲ್ ಪೆಟ್ಟಿಗೆಗೆ ಹೆಚ್ಚುವರಿ ಲಗೇಜ್, ಹೋಟೆಲ್ ಎಲ್ಲ ಅವನದೇ. ಬಹುಮಾನ ಮೊದಲ ಕೆಲವರಿಗೆ ಮಾತ್ರ, ಅದೂ ಕೆಳಗೆ ಹೋದ ಹಾಗೆ ಧಡಕ್ಕನೆ ಇಳಿಯುತ್ತದೆ. ಈ ಹಣದ ವಿಷಯ ನೆನಪಿಡಿ. ಮುಂದೆ ಅವನು ಓಟದ ಮಧ್ಯೆ ನಿಂತು ಯೋಚಿಸಿದ್ದು ಇದನ್ನೇ.

ಸಮಸ್ಯೆ ಏನಾಗಿತ್ತು ಅಂದರೆ, ತಣ್ಣನೆ ಊರುಗಳಲ್ಲಿ ಅರ್ಧ ಮ್ಯಾರಥಾನನ್ನು 1 ಗಂಟೆ 14 ನಿಮಿಷದಲ್ಲಿ ಓಡುವವನು ಬಿಸಿ ಊರಿಗೆ ಬಂದರೆ 12ನೇ ಕಿಲೋಮೀಟರ್ ಹತ್ತಿರ ಕುಸಿದುಬಿಡುತ್ತಿದ್ದ. ಒಂದು ಸಲ ಆದರೆ ಕೆಟ್ಟ ದಿನ ಅನ್ನಬಹುದು. ಅದೇ ಜಾಗದಲ್ಲಿ ಮತ್ತೆ ಆಯಿತು. ಹೊಟ್ಟೆಯಲ್ಲಿ ನೀರು ಕುಲುಕುವುದು, ತೇಗು ಬರುವುದು, ವಾಂತಿ, ಆಮೇಲೆ ಕಿಲೋಮೀಟರಿಗೆ ಐದು ನಿಮಿಷದ ಜಾಗಿಂಗ್. ಹಿಂದಿನ ಬಿಸಿ ರೇಸಿನಲ್ಲಿ ಓಟಕ್ಕೆ 1 ಗಂಟೆ 31 ನಿಮಿಷ ತಗೊಂಡಿದ್ದ.

ಎಲ್ಲರೂ ಹೇಳಿದ್ದು ಒಂದೇ, ಓಟ ಸಾಲದು. ಸರಿ ಅಂತ ವಾರದ ಓಟ ಜಾಸ್ತಿ ಮಾಡಿದ. ಕಾಲಿಗೆ ನೋವು ಬಂತು, ಫಲಿತಾಂಶ ಬರಲಿಲ್ಲ. ಇನ್ಯಾರೋ ಉಪ್ಪು ಕಮ್ಮಿ ಆಗಿದೆ ಅಂದರು. ಉಪ್ಪಿನ ಮಾತ್ರೆ ಎರಡರಷ್ಟು ನುಂಗಿದ. ಹೊಟ್ಟೆ ಇನ್ನೂ ಕೆಟ್ಟಿತು. ಅದರಲ್ಲಿ ಆಶ್ಚರ್ಯ ಇಲ್ಲ. ಗಟ್ಟಿ ಸಕ್ಕರೆ ನೀರಿನ ಮೇಲೆ ಉಪ್ಪಿನ ಮಾತ್ರೆಯನ್ನೂ ಹಾಕಿದರೆ ಕರುಳು ಅದನ್ನು ತೆಳು ಮಾಡೋಕೆ ದೇಹದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬಾಯಾರಿದವನ ಹೊಟ್ಟೆ ತುಂಬಿರುತ್ತದೆ, ರಕ್ತಕ್ಕೆ ಮಾತ್ರ ನೀರು ಸಿಗಲ್ಲ.

ನಾನು ಅವನ ಹಳೆ ರೇಸುಗಳ ಫೈಲ್ (ಸೈಕಲ್ ಮೀಟರ್, ವಾಚ್ ದಾಖಲಿಸಿದ ಅಂಕಿಗಳು) ತೆಗೆದು ನೋಡಿದಾಗ ಓಟದ ಭಾಗಕ್ಕಿಂತ ಸೈಕಲ್ ಭಾಗದಲ್ಲೇ ಕಣ್ಣು ನಿಂತಿತು. ಕಿಟ್ಟಿಯ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿ, 330 ವಾಟ್. ಕುಸಿದ ರೇಸುಗಳಲ್ಲೆಲ್ಲ ಸೈಕಲ್‌ನ ಮೊದಲ ಮುಕ್ಕಾಲು ಗಂಟೆ 300ರ ಮೇಲೆ. ಆಮೇಲೆ ಇಳಿದು ಇಳಿದು ಸರಾಸರಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಸರಾಸರಿಯೇ ಇಲ್ಲಿ ಮೋಸ ಮಾಡಿದ್ದು. ಮನುಷ್ಯನ ದೇಹ ಉರಿಸುವ ಶಕ್ತಿಯಲ್ಲಿ ಐದನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ ಪೆಡಲ್‌ಗೆ ಹೋಗುತ್ತದೆ, ಉಳಿದದ್ದು ಬರೀ ಬಿಸಿ. 265 ವಾಟ್ ತುಳಿದರೆ ಹೆಚ್ಚುಕಮ್ಮಿ 900 ವಾಟ್‌ಗೂ ಮೇಲೆ ಬಿಸಿ ಹುಟ್ಟುತ್ತದೆ, 310 ತುಳಿದರೆ 1100ರ ಹತ್ತಿರ. ಸೈಕಲ್ ಮೇಲೆ ಗಂಟೆಗೆ 40 ಕಿಲೋಮೀಟರ್ ಗಾಳಿ ಮೈಗೆ ಬಡಿಯುವಾಗ ಇದು ಗೊತ್ತಾಗಲ್ಲ. ಇಳಿದು ಓಡಲು ಶುರು ಮಾಡಿದ ಮೇಲೆ ಗಾಳಿ ಇಲ್ಲ, ಬಿಸಿ ಹಾಗೇ ಇದೆ, ರಕ್ತ ಚರ್ಮದ ಕಡೆ ಓಡುತ್ತದೆ, ಹೊಟ್ಟೆಗೆ ಹೋಗುವ ರಕ್ತ ಕಮ್ಮಿ ಆಗುತ್ತದೆ, ಹೊಟ್ಟೆ ಕೆಲಸ ನಿಲ್ಲಿಸುತ್ತದೆ. 12ನೇ ಕಿಲೋಮೀಟರಿನಲ್ಲಿ ಬಿಲ್ ಬರುತ್ತದೆ ಅಷ್ಟೇ, ಊಟ ಮುಗಿದು ಎಷ್ಟೋ ಹೊತ್ತಾಗಿರುತ್ತದೆ.

ಹಾಗಾದರೆ ಯಾಕೆ ಮೊದಲ ಮುಕ್ಕಾಲು ಗಂಟೆ ಅಷ್ಟು ಜೋರು? ಕೇಳಿದರೆ "ಗುಂಪು ಹಿಡಿಯಬೇಕಲ್ಲ ಸರ್" ಅಂದ. ಇದಕ್ಕೆ ಆಮೇಲೆ ಬರುತ್ತೇನೆ.

ರೇಸ್ ಆಗ್ನೇಯ ಏಷ್ಯಾದ ಕಡಲ ತೀರದ ಒಂದು ಊರಿನಲ್ಲಿ. ಡಾ ನಾಂಗ್, ಸೆಬು ಕಡೆಯ ರೇಸುಗಳ ಬಗ್ಗೆ ಕೇಳಿದವರಿಗೆ ಅಲ್ಲಿನ ಹವೆ ಗೊತ್ತಿರುತ್ತದೆ. ಅದಕ್ಕೆ ತಯಾರಿ ಮಾಡೋಕೆ ಬೆಂಗಳೂರು ಸಾಲದು. ಬೆಂಗಳೂರಿನ ಏಪ್ರಿಲ್ ಬಿಸಿಲು ಒಣ ಬಿಸಿಲು, ಬೆವರು ಬಂದ ಹಾಗೇ ಆರುತ್ತದೆ. ಮಂಗಳೂರಿಗೆ ಹೋದೆವು. ಏಪ್ರಿಲ್‌ನಲ್ಲಿ ಸುರತ್ಕಲ್ ಕಡೆ ಬೆಳಗ್ಗೆ ಆರು ಗಂಟೆಗೆ ಹೊರಗೆ ನಿಂತರೆ ಸಾಕು, ಏನೂ ಮಾಡದೆ ಬೆನ್ನು ಒದ್ದೆ. ಬೆವರು ಸುಮ್ನೆ ತೊಟ್ಟಿಕ್ಕಿದರೆ ದೇಹ ತಣ್ಣಗಾಗಲ್ಲ, ಆವಿಯಾದರೆ ಮಾತ್ರ ಆಗುತ್ತದೆ, ಅಲ್ವಾ. ಅಂಥ ಹವೆಗೆ ಮೈ ಒಗ್ಗಿಸೋಕೆ ಇದಕ್ಕಿಂತ ಒಳ್ಳೆ ಜಾಗ ನಮ್ಮ ರಾಜ್ಯದಲ್ಲಿ ಇಲ್ಲ. ಬಿಸಿಗೆ ಮೈ ಒಗ್ಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ರಕ್ತದ ನೀರಿನ ಅಂಶ ಜಾಸ್ತಿ ಆಗುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಕಮ್ಮಿ ಆಗುತ್ತದೆ. ಕಿಟ್ಟಿಗೂ ಹಾಗೇ ಆಯಿತು.

ಹೆದ್ದಾರಿಯಲ್ಲಿ ಲಾರಿಗಳ ಕಾಟ. ಅದಕ್ಕೆ ದೂರದ ಸೈಕಲ್ ಎಲ್ಲ ಬೆಳಕು ಹರಿಯುವ ಮುಂಚೆ, ಗಟ್ಟಿ ಕೆಲಸ ರೂಮಿನಲ್ಲಿ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಫ್ಯಾನ್ ಆಫ್ ಮಾಡಿ. ಪ್ರತಿ ಸಲ ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಬಟ್ಟೆ ಬಿಚ್ಚಿ, ಟವೆಲ್‌ನಲ್ಲಿ ಮೈ ಒರೆಸಿಕೊಂಡು ತೂಕ. ಕುಡಿದ ನೀರನ್ನು ಕೂಡಿಸಿ, ಮೂತ್ರಕ್ಕೆ ಹೋಗಿದ್ದರೆ ಅದನ್ನು ಕಳೆದು ಲೆಕ್ಕ ಹಾಕಿದರೆ ಗಂಟೆಗೆ ಎಷ್ಟು ಬೆವರು ಅಂತ ಸಿಗುತ್ತದೆ. ಇದಕ್ಕೆ ಲ್ಯಾಬ್ ಬೇಡ, ಒಂದು ಒಳ್ಳೆ ತಕ್ಕಡಿ ಸಾಕು. ಕಿಟ್ಟಿಯದು ಸೈಕಲ್‌ನಲ್ಲಿ ಗಂಟೆಗೆ ಒಂದೂವರೆ ಲೀಟರ್, ಓಟದಲ್ಲಿ 1.8 ಲೀಟರ್. ಅವನ ಹೊಟ್ಟೆ ಓಡುವಾಗ ಒಂದು ಲೀಟರ್‌ಗಿಂತ ಜಾಸ್ತಿ ತಡೆಯಲ್ಲ. ಅಂದರೆ ಕುಡಿದು ಸರಿದೂಗಿಸುವ ಮಾತೇ ಇಲ್ಲ. ಈ ಒಂದು ಲೆಕ್ಕ ನಮ್ಮ ಇಡೀ ಯೋಜನೆ ತಿರುಗಿಸಿತು. ಇನ್ನೂ ಜಾಸ್ತಿ ಕುಡಿಸುವುದು ಬಿಟ್ಟು, ಕಮ್ಮಿ ಬಿಸಿ ಹುಟ್ಟಿಸುವುದು, ಹೊರಗಿಂದ ಮಂಜುಗಡ್ಡೆಯಲ್ಲಿ ತಣ್ಣಗೆ ಮಾಡುವುದು, ಈ ಎರಡರ ಕಡೆ ಹೋದೆವು.

ಹೊಟ್ಟೆಗೂ ತರಬೇತಿ ಬೇಕು. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಒಳಗೆ ಬಿಡುತ್ತದೆ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಹೋಗುವುದರಿಂದ ಎರಡನ್ನೂ ಬೆರೆಸಿದರೆ 90 ಗ್ರಾಂ ದಾಟಬಹುದು. ನಮ್ಮ ಮನೆಯ ಸಕ್ಕರೆಯಲ್ಲೇ ಎರಡೂ ಅರ್ಧರ್ಧ ಇವೆ. ಹಾಗಾಗಿ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ (ಕರುಳಿನಲ್ಲಿ ಗ್ಲೂಕೋಸ್ ಆಗುವ ಪಿಷ್ಟ), ಸಕ್ಕರೆ, ಉಪ್ಪು, ನಿಂಬೆರಸ ಅಷ್ಟರಲ್ಲೇ ತರಬೇತಿ ನಡೆಯಿತು. ಇನ್ನೊಂದು ಕೆಲಸ ಮಾಡಿದೆವು, ಆಗ ಅದು ಅಷ್ಟು ಮುಖ್ಯ ಅನ್ನಿಸಿರಲಿಲ್ಲ. ರೇಸ್‌ನವರ ಕೈಪಿಡಿಯಲ್ಲಿ ದಾರಿಯಲ್ಲಿ ಯಾವ ಪಾನೀಯ ಕೊಡುತ್ತಾರೆ ಅಂತ ಬರೆದಿರುತ್ತದೆ. ಅದನ್ನೇ ತರಿಸಿ, ವಾರಕ್ಕೆ ಎರಡು ಸಲ, ಫ್ರಿಜ್‌ನಲ್ಲಿಡದೆ ಉಗುರುಬೆಚ್ಚಗೆ ಕುಡಿಸಿದೆ. ಕಿಟ್ಟಿ ಬೈದುಕೊಂಡೇ ಕುಡಿದ.

ರೇಸಿಗೆ ಒಪ್ಪಿದ ಯೋಜನೆ ಹೀಗಿತ್ತು: ಸೈಕಲ್ 265 ವಾಟ್, ಓಟದ ಮೊದಲ 5 ಕಿಲೋಮೀಟರ್ ಕಿಲೋಮೀಟರಿಗೆ 3 ನಿಮಿಷ 50 ಸೆಕೆಂಡಿಗಿಂತ ಜೋರಾಗಿ ಬೇಡ. ಈಜಿನಲ್ಲಿ ಗುಂಪು ತಪ್ಪಿದರೆ ಸೈಕಲ್ ಮೇಲೆ ಹಿಡಿಯೋಕೆ 20 ನಿಮಿಷ ಸಮಯ, ಹಿಡಿಯಲಿಲ್ಲವಾ, ಬಿಟ್ಟುಬಿಡು. ರೇಸ್ ಅರ್ಧಕ್ಕೆ ಬಿಡುವ ವಿಷಯದಲ್ಲೂ ಮೊದಲೇ ನಿಯಮ ಮಾಡಿಕೊಂಡೆವು. ಬಿಸಿಲಲ್ಲಿ ಚಳಿ ಬಂದು ಮೈ ಜುಮ್ಮೆಂದರೆ, ತಲೆ ಗೊಂದಲ ಆದರೆ, ಕುಡಿದದ್ದೆಲ್ಲ ವಾಪಸ್ ಬರುತ್ತಿದ್ದರೆ ಅಲ್ಲೇ ನಿಲ್ಲು, ಯಾರನ್ನೂ ಕೇಳಬೇಡ. ಬರೀ ನಿಧಾನ ಆಗಿದೆ, ಬೇಜಾರಾಗಿದೆ ಅನ್ನುವುದು ಕಾರಣ ಅಲ್ಲ. ತಣ್ಣಗೆ ಕೂತಿರುವಾಗ ಮಾಡಿದ ನಿಯಮ ಬಿಸಿ ತಲೆಗೆ ಬೇಕಾಗುತ್ತದೆ.

ರೇಸ್ ದಿನ. ಬೆಳಗಿನ ಜಾವ ಮೂರೂವರೆಗೆ ಬಿಳಿ ಅನ್ನ, ಉಪ್ಪು, ಬಾಳೆಹಣ್ಣು. ನಾರಿನ ಅಂಶ ಇರುವ ಏನನ್ನೂ ಮುಟ್ಟಲಿಲ್ಲ. ನೀರು ಬೆಚ್ಚಗಿತ್ತು. ಪ್ರೊಗಳಿಗೆ ನೀರು 21.9 ಡಿಗ್ರಿಗಿಂತ ಬಿಸಿ ಇದ್ದರೆ ವೆಟ್‌ಸೂಟ್ (ಈಜಿನ ರಬ್ಬರ್ ಉಡುಪು) ಇಲ್ಲ, ಇಲ್ಲಿ ಅದರ ಪ್ರಶ್ನೆಯೇ ಇರಲಿಲ್ಲ. ವೆಟ್‌ಸೂಟ್ ತೇಲಿಸುತ್ತದೆ, ಹಾಗಾಗಿ ಅದಿಲ್ಲದ ಈಜಿನಲ್ಲಿ ಒಳ್ಳೆ ಈಜುಗಾರ ಮತ್ತು ಕಿಟ್ಟಿಯಂಥವನ ನಡುವಿನ ಅಂತರ ಜಾಸ್ತಿ ಕಾಣುತ್ತದೆ. ಮೊದಲ ಇನ್ನೂರು ಮೀಟರ್ ಎಲ್ಲರೂ ಹುಚ್ಚರಂತೆ ಹೋದರು. ಕಿಟ್ಟಿ ಎರಡು ದೇಹಗಳಷ್ಟು ಹಿಂದೆ ಬಿದ್ದ. ಆ ಎರಡು ದೇಹದ ಜಾಗ ಮುಂದೆ ತುಂಬಲೇ ಇಲ್ಲ. ಮುಂದಿನವನ ಕಾಲ ಹಿಂದೆ ಈಜಿದರೆ ಶ್ರಮ ಉಳಿಯುತ್ತದೆ, ಅದು ತಪ್ಪಿದರೆ ಒಬ್ಬನೇ ನೀರು ಸೀಳಬೇಕು. 25 ನಿಮಿಷ ಚಿಲ್ಲರೆಗೆ ಹೊರಬಂದ. ಏಳು ಜನರ ಗುಂಪು 35 ಸೆಕೆಂಡ್ ಮುಂದೆ.

ಸೈಕಲ್‌ನಲ್ಲಿ ಗುಂಪು ಯಾಕೆ ಅಷ್ಟು ಮುಖ್ಯ? ಈ ರೇಸುಗಳಲ್ಲಿ ಒಬ್ಬರ ಹಿಂದೆ ಅಂಟಿಕೊಂಡು ತುಳಿಯುವ ಹಾಗಿಲ್ಲ. ಆ ರೇಸಿನಲ್ಲಿ ಮುಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ 12 ಮೀಟರ್ ಬಿಡಬೇಕಿತ್ತು, ಒಳಗೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಬೇಕು, ಇಲ್ಲದಿದ್ದರೆ ಐದು ನಿಮಿಷ ದಂಡ. ಆದರೆ 12 ಮೀಟರ್ ಹಿಂದೆಯೂ ಗಾಳಿ ಸ್ವಲ್ಪ ಕಮ್ಮಿ ಇರುತ್ತದೆ. ಸಾಲಿನ ಕೊನೆಯಲ್ಲಿರುವವನು ಅದೇ ವೇಗಕ್ಕೆ ಕಮ್ಮಿ ವಾಟ್ ತುಳಿಯುತ್ತಾನೆ. ಅದೂ ಅಲ್ಲದೆ ಮುಂದೆ ಯಾರೋ ಕಾಣುತ್ತಿದ್ದರೆ ಮನಸ್ಸು ಗಟ್ಟಿ ಇರುತ್ತದೆ. ಹಾಗಾಗಿ ಕಿಟ್ಟಿಯ ಹಳೇ ಅಭ್ಯಾಸ ತಪ್ಪು ಅಂತ ಸುಲಭಕ್ಕೆ ಹೇಳೋಕೆ ಆಗಲ್ಲ. ಮೂವತ್ತೈದು ಸೆಕೆಂಡ್ ಕಣ್ಣಿಗೆ ಕಾಣುವ ದೂರ.

310 ವಾಟ್‌ನಲ್ಲಿ ಅಟ್ಟಿಸಿಕೊಂಡು ಹೋದ. ಇಪ್ಪತ್ತನೇ ನಿಮಿಷಕ್ಕೆ ಅಂತರ 20 ಸೆಕೆಂಡ್. ಅಂದರೆ ಅರ್ಧಕ್ಕಿಂತಲೂ ಕಮ್ಮಿ ಹಿಡಿದಿದ್ದ, ಇದೇ ಲೆಕ್ಕದಲ್ಲಿ ಹೋದರೆ ಇನ್ನೂ ಅರ್ಧ ಗಂಟೆ ಬೇಕು. ಅವನ ಮಾತಲ್ಲೇ ಹೇಳುವುದಾದರೆ, "ಕಡೆಯವನ ಜೆರ್ಸಿ ಬಣ್ಣ ಕಾಣ್ತಿತ್ತು ಸರ್, ಹೇಗೆ ಬಿಡೋದು?" ಆದರೂ ಬಿಟ್ಟ. ಫೈಲ್‌ನಲ್ಲಿ ಆ ಜಾಗ ಸ್ಪಷ್ಟ ಕಾಣುತ್ತದೆ: 312, 308, 315, ಆಮೇಲೆ ಒಂದೇ ಸಲ 268. ನನ್ನ ಪ್ರಕಾರ ರೇಸಿನ ದೊಡ್ಡ ನಿರ್ಧಾರ ಅದೇ. ಹೊರಗಿಂದ ನೋಡಿದವರಿಗೆ ಅವನು ಸೋತ ಹಾಗೆ ಕಂಡಿತು. ನೇರ ಪ್ರಸಾರ ಇದ್ದಿದ್ದರೆ ಕಾಮೆಂಟರಿಯವರು ಅವನ ಹೆಸರು ಬಿಟ್ಟುಬಿಡುತ್ತಿದ್ದರು.

ಮೂವತ್ತನೇ ಕಿಲೋಮೀಟರ್ ಹತ್ತಿರ ಒಂದು ಸೇತುವೆ. ಅದರ ಜೋಡಣೆಯ ಕಬ್ಬಿಣದ ಪಟ್ಟಿ ಮೇಲೆ ಚಕ್ರ ಹಾರಿತು, ಸೀಟಿನ ಹಿಂದಿನ ಬಾಟಲಿಯೂ ಹಾರಿತು. ಅದರಲ್ಲಿ ಉಳಿದ ಸೈಕಲ್‌ಗೆ ಬೇಕಾದ ಸಕ್ಕರೆಯೆಲ್ಲ ಇತ್ತು. ನಿಂತು ಎತ್ತಿಕೊಳ್ಳುವುದಾ? ಹಿಂದೆ ವೇಗವಾಗಿ ಬರುವವರಿದ್ದಾರೆ, ಸೇತುವೆ ಕಿರಿದು. ಮುಂದೆ ಹೋದ. ಮಂಗಳೂರಿನಲ್ಲಿ ಬೈದುಕೊಂಡು ಕುಡಿದ ಪಾನೀಯವೇ ಈಗ ಗತಿ. ಮೊದಲ ನೀರಿನ ಕಟ್ಟೆಯಲ್ಲಿ ಗಂಟೆಗೆ 40ರ ವೇಗದಲ್ಲಿ ಕೈ ಚಾಚಿದ, ಸ್ವಯಂಸೇವಕ ಹುಡುಗ ಬಾಟಲಿಯ ಹೊಟ್ಟೆಯನ್ನೇ ಗಟ್ಟಿಯಾಗಿ ಹಿಡಿದಿದ್ದ, ಬಾಟಲಿ ಕೈಗೆ ಬಡಿದು ರಸ್ತೆಗೆ ಬಿತ್ತು. ಮುಂದಿನ ಕಟ್ಟೆಯಲ್ಲಿ ಬ್ರೇಕ್ ಹಿಡಿದು, ದೂರದಿಂದಲೇ ಬೆರಳು ತೋರಿಸಿ, ಮುಚ್ಚಳದ ಹತ್ತಿರ ಹಿಡಿದುಕೊಂಡಿದ್ದವರಿಂದ ಎರಡು ತಗೊಂಡ, ಒಂದು ಪಾನೀಯ, ಒಂದು ಬರೀ ನೀರು. ನಾಲ್ಕೈದು ಸೆಕೆಂಡ್ ಹೋಗಿರಬಹುದು. ಈ ನಾಲ್ಕೈದು ಸೆಕೆಂಡಿಗೆ ಜೀವ ಬಿಡುವ ಪ್ರೊಗಳನ್ನು ನೋಡಿದ್ದೇನೆ, ಆಮೇಲೆ ಅದಕ್ಕೆ ಹತ್ತು ನಿಮಿಷ ಕೊಡುವುದನ್ನೂ ನೋಡಿದ್ದೇನೆ. ಯೋಜನೆಯಲ್ಲಿ ಗಂಟೆಗೆ 90 ಗ್ರಾಂ ಇದ್ದದ್ದು ಸುಮಾರು 70ಕ್ಕೆ ಇಳಿಯಿತು. ಹೊಟ್ಟೆ ಮಾತ್ರ ಶಾಂತವಾಗಿತ್ತು. ಸೈಕಲ್ 2 ಗಂಟೆ 11 ನಿಮಿಷ. ಹನ್ನೊಂದನೇ ಸ್ಥಾನ.

ಓಟಕ್ಕೆ ಇಳಿದವನೇ ಮೊದಲೆರಡು ಕಿಲೋಮೀಟರ್ ಕಿಲೋಮೀಟರಿಗೆ 3:35ರಲ್ಲಿ ಹೋದ. ಯೋಜನೆ 3:50 ಅಲ್ವಾ? ಕಾಲು ಹಗುರ ಇತ್ತಂತೆ. ಯಾವಾಗಲೂ ಹಾಗೇ, ಸೈಕಲ್ ಇಳಿದ ಕೂಡಲೇ ಕಾಲಿಗೆ ವೇಗದ ಅಂದಾಜು ಇರಲ್ಲ. ನಾನು ಎರಡನೇ ಕಿಲೋಮೀಟರ್ ಹತ್ತಿರ ಬೇಲಿ ಹಿಡಿದು ನಿಂತಿದ್ದೆ. ಹೊರಗಿನವರು ಕೈಗೆ ಏನೂ ಕೊಡುವಂತಿಲ್ಲ, ಕೂಗಬಹುದು ಅಷ್ಟೇ. "ನಿಧಾನ ಕಣೋ! ಮಂಜು ಹಾಕ್ಕೋ!" ಅಂತ ಕನ್ನಡದಲ್ಲಿ ಕಿರುಚಿದೆ. ಪಕ್ಕದಲ್ಲಿದ್ದ ಬೇರೆ ದೇಶದ ಕೋಚ್ ನನ್ನನ್ನು ಒಂಥರಾ ನೋಡಿದ. ಕನ್ನಡದಲ್ಲಿ ಕೂಗುವುದರಿಂದ ಒಂದು ಲಾಭ, ಎದುರಾಳಿಗಳಿಗೆ ಗುಟ್ಟು ಗೊತ್ತಾಗಲ್ಲ.

ಮೂರನೇ ಕಿಲೋಮೀಟರಿನಿಂದ ವೇಗ ತಾನಾಗೇ ಇಳಿಯಿತು. 3:50, 3:55, 4:02, 4:10. ಹೊಟ್ಟೆಯಲ್ಲಿ ಕುಲುಕಾಟ ಶುರು. ಆರನೇ ಕಿಲೋಮೀಟರಿನ ನೀರಿನ ಕಟ್ಟೆಯಲ್ಲಿ ಕಿಟ್ಟಿ ನಿಂತ. ಓಡುತ್ತಾ ಲೋಟ ಕಸಿದದ್ದಲ್ಲ, ನಿಜವಾಗಿ ನಿಂತ. ಆ ಹೊತ್ತಿನಲ್ಲಿ ತಲೆಯಲ್ಲಿ ಏನಿತ್ತು ಅಂತ ಆಮೇಲೆ ವಿವರವಾಗಿ ಕೇಳಿದೆ. ಮೊದಲು ಬಂದದ್ದು ಹಣ. ಹನ್ನೊಂದನೇ ಸ್ಥಾನಕ್ಕೆ ಏನೂ ಇಲ್ಲ. ಮೂರು ವಾರ ಬಿಟ್ಟು ತಣ್ಣನೆ ಊರಿನಲ್ಲಿ ಇನ್ನೊಂದು ರೇಸ್ ಇದೆ, ಅಲ್ಲಿ ಅವನು ನಿಜವಾಗಿ ಗೆಲ್ಲಬಹುದು. ಈಗ ಬಿಟ್ಟರೆ ಕಾಲು ಉಳಿಯುತ್ತದೆ. ಹವ್ಯಾಸಿ ಓಟಗಾರರು ಪ್ರೊಗಳು ರೇಸ್ ಬಿಟ್ಟರೆ ಬೈಯುತ್ತಾರೆ, ನಾವು ಎಂಟು ಗಂಟೆ ಒದ್ದಾಡಿ ಮುಗಿಸುತ್ತೇವೆ, ಇವರಿಗೇನು ರೋಗ ಅಂತ. ಆದರೆ ಇದು ಅವನ ಉದ್ಯೋಗ. ಒಂದು ರೇಸ್ ಮುಗಿಸಿದ ಹೆಮ್ಮೆಗೆ ಮುಂದಿನ ತಿಂಗಳ ಬಾಡಿಗೆ ಕಟ್ಟೋಕೆ ಆಗಲ್ಲ. ನಾನು ಅವನ ಜಾಗದಲ್ಲಿದ್ದರೂ ಇದೇ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ನಿಯಮ ನೆನಪಾಯಿತು. ಚಳಿ ಇದೆಯಾ? ಇಲ್ಲ. ಗೊಂದಲ? ಬೀದಿಯ ಹೆಸರಿನ ಬೋರ್ಡ್ ಓದಿ ನೋಡಿದ, ಸರಿಯಾಗಿದೆ. ವಾಂತಿ? ಇನ್ನೂ ಇಲ್ಲ. ಹಾಗಾದರೆ ಬಿಡೋಕೆ ಕಾರಣ ಇಲ್ಲ, ನಿಧಾನ ಮಾಡೋಕೆ ಕಾರಣ ಇದೆ. ಸೂಟಿನ ಜಿಪ್ ಎಳೆದು ಎದೆಗೆ, ಬೆನ್ನಿಗೆ ಮಂಜುಗಡ್ಡೆ ಸುರಿದುಕೊಂಡ. ಟೋಪಿ ತೆಗೆದು ಅದರಲ್ಲಿ ಮಂಜು ತುಂಬಿ ಮತ್ತೆ ತಲೆಗೆ ಹಾಕಿಕೊಂಡ. ಎರಡು ಅಂಗೈಯಲ್ಲೂ ಒಂದೊಂದು ತುಂಡು. ಕುಡಿದದ್ದು ಎರಡೇ ಗುಟುಕು ನೀರು, ಸಕ್ಕರೆ ಏನೂ ಇಲ್ಲ. 70 ಸೆಕೆಂಡ್ ಹೋಯಿತು. ಆ ಹೊತ್ತಿನಲ್ಲಿ ಇಬ್ಬರು ಅವನನ್ನು ದಾಟಿದರು.

ಮುಂದಿನ 15 ಕಿಲೋಮೀಟರ್ ಕಿಲೋಮೀಟರಿಗೆ ಸರಾಸರಿ 3:50. ಮೊದಲ ಎರಡು 3:58, ಆಮೇಲೆ ಮೆಲ್ಲಗೆ ಏರಿ ಕೊನೆಗೆ 3:44. ಪ್ರತಿ ಕಟ್ಟೆಯಲ್ಲೂ ಮಂಜು. ಹತ್ತನೇ ಕಿಲೋಮೀಟರ್ ಆದ ಮೇಲೆ ಹೊಟ್ಟೆ ಸರಿಯಾಯಿತು, ಕೋಲಾ ಶುರು ಮಾಡಿದ. ಅವನನ್ನು ಬಿಟ್ಟು ಹೋಗಿದ್ದ ಏಳು ಜನರ ಗುಂಪಿನಲ್ಲಿ ಇಬ್ಬರು ನಡೆಯುತ್ತಿದ್ದರು, ಒಬ್ಬ ರಸ್ತೆ ಬದಿಯಲ್ಲಿ ಕೂತಿದ್ದ. ನಿಂತಾಗ ದಾಟಿದ್ದ ಇಬ್ಬರೂ ಸಿಕ್ಕರು. ಅವರನ್ನೂ ಸೇರಿಸಿ ಕಿಟ್ಟಿ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಆರು ಜನರನ್ನು ಹಿಂದೆ ಹಾಕಿದ. ಓಟ 1 ಗಂಟೆ 22 ನಿಮಿಷ, ಒಟ್ಟು ನಾಲ್ಕು ಗಂಟೆಗೆ ಒಂದು ನಿಮಿಷ ಮೇಲೆ, ಏಳನೇ ಸ್ಥಾನ. ಬಹುಮಾನ ಬಂತು, ವಿಮಾನದ ಟಿಕೆಟ್‌ಗೂ ಸಾಲದಷ್ಟು.

ಮುಗಿದ ಮೇಲೆ ತೂಕ ನೋಡಿದೆವು, 2.8 ಕಿಲೋ ಇಳಿದಿತ್ತು, ದೇಹದ ನೂರಕ್ಕೆ ನಾಲ್ಕರಷ್ಟು. ಉರಿದುಹೋದ ಸಕ್ಕರೆಯ ತೂಕವೂ ಅದರಲ್ಲಿ ಸೇರಿದೆ. ಹಿಂದಿನ ಕುಸಿದ ರೇಸಿನಲ್ಲೂ ಹೆಚ್ಚುಕಮ್ಮಿ ಇಷ್ಟೇ ಇಳಿದಿತ್ತು. ಹಾಗಾಗಿ ಓಟ ಒಂಬತ್ತು ನಿಮಿಷ ಸುಧಾರಿಸಿದ್ದು ಜಾಸ್ತಿ ನೀರು ಕುಡಿದದ್ದರಿಂದ ಅಲ್ಲ. ಒಬ್ಬನ ಒಂದು ರೇಸ್ ಇಟ್ಟುಕೊಂಡು ಇದನ್ನು ಸಾಬೀತು ಮಾಡಿದೆ ಅನ್ನೋಕೆ ಆಗಲ್ಲ, ಮಂಗಳೂರಿನ ತಯಾರಿಯದೂ ದೊಡ್ಡ ಪಾಲು ಇರಲೇಬೇಕು. ಆದರೆ ಎರಡು ಫೈಲ್ ಪಕ್ಕ ಪಕ್ಕ ಇಟ್ಟರೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಎರಡೇ: ಸೈಕಲ್‌ನ ಇಪ್ಪತ್ತನೇ ನಿಮಿಷ, ಓಟದ ಆರನೇ ಕಿಲೋಮೀಟರ್.

ಇದನ್ನು ಓದಿ ನಿಂತು ಮಂಜು ಸುರಿದುಕೊಳ್ಳುವುದೇ ತಂತ್ರ ಅಂದುಕೊಳ್ಳಬೇಡಿ. 3:50ರಲ್ಲಿ ಶುರು ಮಾಡಿದ್ದರೆ ಆ 70 ಸೆಕೆಂಡ್ ಬೇಕಾಗುತ್ತಲೇ ಇರಲಿಲ್ಲವೇನೋ. ಇನ್ನೂ ಹಿಂದೆ ಹೋದರೆ, ಈಜಿನ ಮೊದಲ ಇನ್ನೂರು ಮೀಟರಿನಲ್ಲಿ ಆ ಎರಡು ದೇಹದ ಜಾಗ ಬಿಡದಿದ್ದರೆ ಅಟ್ಟಿಸಿಕೊಂಡು ಹೋಗುವ ಕೆಲಸವೇ ಇರಲಿಲ್ಲ. ಓಟ ಸಾಲದು ಅಂತ ವರ್ಷಗಟ್ಟಲೆ ಓಟ ಮಾಡಿಸಿದರು, ರೋಗ ಇದ್ದದ್ದು ನೀರಿನಲ್ಲಿ. ಹಾಗಾಗಿ ಈಗ ಅವನ ವಾರದಲ್ಲಿ ಒಂದು ಓಟ ಕಡಿದು ಒಂದು ಈಜು ಸೇರಿಸಿದ್ದಾರೆ. ಬರೀ ದೂರ ಅಲ್ಲ, 200 ಮೀಟರ್ ಪೂರ್ತಿ ಜೋರು, ನಿಲ್ಲದೆ ಅದರ ಬೆನ್ನಿಗೇ 800 ಮೀಟರ್ ರೇಸ್ ವೇಗ, ಮತ್ತೆ ಅದೇ. ಪಕ್ಕದ ಲೇನಿನಲ್ಲಿ ಇವನಿಗಿಂತ ಜೋರಾದ ಹದಿನೇಳರ ಹುಡುಗರು. ಅವರ ಕಾಲು ಬಿಡಬಾರದು ಅನ್ನುವುದೊಂದೇ ಕೆಲಸ.

ಮೂರು ವಾರದ ನಂತರದ ಆ ತಣ್ಣನೆ ರೇಸಿಗೂ ಹೋದ, ನಾಲ್ಕನೆಯವನಾಗಿ ಬಂದ. ಅಲ್ಲೂ ಈಜಿನಲ್ಲಿ ಗುಂಪು ತಪ್ಪಿತ್ತು, ಅಲ್ಲಿ ಅರ್ಧ ಗಂಟೆ ಅಟ್ಟಿಸಿಕೊಂಡು ಹೋಗಿ ಹಿಡಿದ, ಓಟ ಕೆಡಲಿಲ್ಲ. ಬಿಸಿ ಇಲ್ಲದ ಕಡೆ ಅವನ ಹಳೇ ಅಭ್ಯಾಸ ನಡೆಯುತ್ತದೆ. ಅದಕ್ಕೇ ಇಪ್ಪತ್ತು ನಿಮಿಷದ ನಿಯಮವನ್ನು ಬಿಸಿ ಊರುಗಳಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಕಿಟ್ಟಿಗೆ ಅದರ ಮೇಲೂ ಪೂರ್ತಿ ನಂಬಿಕೆ ಬಂದಿಲ್ಲ. ಇನ್ನೈದು ನಿಮಿಷ ತುಳಿದಿದ್ದರೆ ಆ ಗುಂಪು ಸಿಗುತ್ತಿತ್ತು, ಐದರೊಳಗೆ ಬರುತ್ತಿದ್ದೆ ಅಂತ ಈಗಲೂ ವಾದ ಮಾಡುತ್ತಾನೆ. ರಸ್ತೆ ಬದಿಯಲ್ಲಿ ಕೂತಿದ್ದವನೂ ಅದೇ ಗುಂಪಿನವನು ಅಂತ ನಾನು ನೆನಪಿಸುತ್ತೇನೆ. ಅವನು ಒಪ್ಪಲ್ಲ.